ಕೆಂಪು ಚಿಂದಿ ಕಟ್ಟುತ್ತಿದ್ದವರು

ಕಳೆದ ಭಾನುವಾರ ಬೆಳಿಗ್ಗೆ ನನ್ನ ತಮ್ಮ ಬಿನ್ನಿಪೇಟೆಯಿಂದ ರಾಜಾಜಿನಗರದವರೆಗೂ ಸೈಕಲ್ ತುಳಿದುಕೊಂಡು ಬಂದ. ಕಾಫಿ ಬೇಡ ಅಂದ. ಕೂತ್ಕೊಳೋ ಅಂದರೆ ಕೂರಲಿಲ್ಲ. ಹೊಸಲಿನ ಆಚೆಗೇ ನಿಂತುಕೊಂಡು, "ಅಕ್ಕ, ತಾತ ಹೋಗ್ಬಿಟ್ರು" ಅಂದ. ಯಾವ ತಾತ ಎಂದು ನಾನು ಕೇಳಲಿಲ್ಲ. ನಮಗೆ ಇದ್ದದ್ದು ಅವರೊಬ್ಬರೇ; ಅವರೂ ಸಂಬಂಧಿಕರಲ್ಲ, ನಾವು ಹುಟ್ಟಿ ಬೆಳೆದ ವಠಾರದಲ್ಲಿ ಪಕ್ಕದ ಮನೆಯವರು. ಹೇಗೆ ಹೋದರು ಎನ್ನುವುದನ್ನೂ ತಮ್ಮ ಹೇಳಿದ. ಅದನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಮಿಕ್ಕಿದ್ದನ್ನು ಬರೆಯಲು ಕೈ ಏಳುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಲೂ ಇರಲಿಲ್ಲ. ಮಿಲ್ಲಿನಲ್ಲಿ ಫಿಟ್ಟರ್, ವಠಾರದ ದೊಡ್ಡವರಿಗೆ ಅಣ್ಣ, ನಮಗೆಲ್ಲ ತಾತ. ತಾತ ಎನ್ನಿಸಿಕೊಳ್ಳುವ ವಯಸ್ಸೇನೂ ಅಲ್ಲ, ಐವತ್ತರ ಆಸುಪಾಸು. ಮುಖದ ತುಂಬ ಸಿಡುಬಿನ ಕಲೆ, ಎಡಗಣ್ಣಿನ ಮೇಲೆ ಬಿಳಿ ಪೊರೆ, ಎಷ್ಟು ತಿಕ್ಕಿ ತೊಳೆದರೂ ಬೆರಳ ಸಂದಿಯಲ್ಲಿ ಉಳಿದ ಮಗ್ಗದ ಎಣ್ಣೆಯ ಕರಿ. ಬಾಯಿ ಮಾತ್ರ ಬಲು ಕೆಟ್ಟದ್ದು. ಸತ್ತವರೆಂದು ಅವರನ್ನು ದೇವರು ಮಾಡಿ ಬರೆದರೆ ಅವರೇ ಎದ್ದು ಬಂದು, "ಏನವ್ವ, ಓದು ಬರ್ತದೆ ಅಂತ ಸುಳ್ ಬರೀತೀಯಾ?" ಎಂದು ಬೈದಾರು.

ನಮ್ಮ ವಠಾರದಲ್ಲಿ ಹನ್ನೊಂದು ಮನೆ, ಒಂದೇ ನಲ್ಲಿ. ಯಾವ ಮಗುವಿಗೆ ಮೈ ಬಿಸಿಯಾದರೂ ಡಾಕ್ಟರಿಗಿಂತ ಮೊದಲು ಸುದ್ದಿ ಹೋಗುತ್ತಿದ್ದದ್ದು ಅವರಿಗೆ. ಮಿಲ್ಲಿನಿಂದ ಬಂದವರು ಊಟದ ಡಬ್ಬಿಯನ್ನು ಜಗಲಿಯ ಮೇಲಿಟ್ಟು, ಮಗುವನ್ನು ಬಾಗಿಲ ಬೆಳಕಿಗೆ ಕೂರಿಸುತ್ತಿದ್ದರು. ಹಣೆ ಮುಟ್ಟಿ ನೋಡುವುದಿಲ್ಲ. ಅದನ್ನು ಯಾರು ಬೇಕಾದರೂ ನೋಡುತ್ತಾರೆ. "ಸೊಂಟ ನೋಯ್ತದಾ ಮಗ?" ಎಂದು ಕೇಳುತ್ತಿದ್ದರು. ಆಮೇಲೆ ಬಾಯಿ ತೆರೆಸಿ ಅಂಗುಳು ನೋಡುತ್ತಿದ್ದರು. ಆಮೇಲೆ ಎದ್ದು ನಿಂತು ಆ ಮನೆಯವರ ಮೇಲೆ ರೇಗುವುದಕ್ಕೆ ಶುರು.

"ಅಮ್ಮ ಬಂದವ್ಳೋ, ಬರೀ ಜ್ವರವೋ ನಂಗೊತ್ತಿಲ್ಲ. ಅನುಮಾನ ಬಂದದೆ, ಅಷ್ಟೇಯ. ಗೊತ್ತಾದ್ಮೇಲೆ ಯಾವ ಪೆದ್ದನಾದ್ರೂ ಮಾಡ್ತಾನೆ. ಅನುಮಾನ ಬಂದಾಗ್ಲೇ ಮಾಡ್ಬೇಕು."

ಮಾಡಬೇಕಾದದ್ದು ಏನು ಎನ್ನುವುದು ವಠಾರದ ಹೆಂಗಸರಿಗೆಲ್ಲ ಬಾಯಿಪಾಠವಾಗಿತ್ತು. ಮಗುವಿನ ಚಾಪೆ ಕಿಟಕಿ ಇರುವ ಮೂಲೆಗೆ. ತಟ್ಟೆ ಲೋಟ ಬೇರೆ. ನೋಡಿಕೊಳ್ಳುವವರು ಒಬ್ಬರೇ, ಅವರು ಬೇರೆ ಮಕ್ಕಳನ್ನು ಮುಟ್ಟುವಂತಿಲ್ಲ. ಬಟ್ಟೆ ಅಗಸರಿಗೆ ಹಾಕುವಂತಿಲ್ಲ, ಮನೆಯ ಹಂಡೆಯಲ್ಲೇ ಕುದಿಸಬೇಕು. ಗಂಜಿ, ಮಜ್ಜಿಗೆ, ಎಳನೀರು ಎಷ್ಟು ಕುಡಿದರೆ ಅಷ್ಟು. ನೆಂಟರು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಕು. ಕೊನೆಯ ಮನೆಯಾಕೆ ಒಮ್ಮೆ ಜ್ವರದ ಮಗಳು ಬಿಟ್ಟ ಮೊಸರನ್ನವನ್ನು, ದಂಡವಾಗುತ್ತದೆ ಎಂದು ಚಿಕ್ಕವನಿಗೆ ತಿನ್ನಿಸುತ್ತಿದ್ದಳು. ತಾತ ಆ ತಟ್ಟೆಯನ್ನು ಕಿತ್ತು ಅಂಗಳಕ್ಕೆ ಎಸೆದರು. ಆಕೆ ಗೋಳೋ ಎಂದು ಅತ್ತಳು. ಅವರು ಅಂಗಳದಿಂದ ತಟ್ಟೆ ಎತ್ತಿ ತಂದು, ಬೂದಿ ಹಾಕಿ ತಾವೇ ಬೆಳಗಿ, ಬಿಸಿನೀರಲ್ಲಿ ಅದ್ದಿ ಮರಳಿ ಕೊಟ್ಟರು. ಕ್ಷಮಿಸು ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ.

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು ಎಲ್ಲ ಕಡೆಯೂ ಇದ್ದದ್ದೇ. ತಾತ ಅದರ ಜತೆಗೆ ಒಂದು ಕೆಂಪು ಚಿಂದಿಯನ್ನೂ ಕಟ್ಟುತ್ತಿದ್ದರು. ಮಿಲ್ಲಿನಲ್ಲಿ ಮಗ್ಗ ಕೆಟ್ಟು ನಿಂತರೆ ಫಿಟ್ಟರ್ ಅದಕ್ಕೊಂದು ಕೆಂಪು ಚಿಂದಿ ಕಟ್ಟುತ್ತಾನಂತೆ. ಅವನೇ ಬಂದು ಬಿಚ್ಚುವ ತನಕ ದೊಡ್ಡ ಮೇಸ್ತ್ರಿಯೂ ಆ ಮಗ್ಗವನ್ನು ಮುಟ್ಟುವ ಹಾಗಿಲ್ಲ. "ಬೇವು ಒಣಗಿ ಉದುರ್ತದೆ, ಜನ ಮರೀತಾರೆ. ಇದು ಉದುರಲ್ಲ" ಎನ್ನುತ್ತಿದ್ದರು. ಬಿನ್ನಿಪೇಟೆಯ ಆ ಬೀದಿಯಲ್ಲಿ ಎಲ್ಲರೂ ಮಿಲ್ಲಿನವರೇ. ಕೆಂಪು ಚಿಂದಿ ಕಂಡರೆ ಭಿಕ್ಷದವನೂ ಮುಂದಿನ ಮನೆಗೆ ಹೋಗುತ್ತಿದ್ದ.

ಇನ್ನೊಂದಿತ್ತು. ನೂಲು ಸುತ್ತುವ ಮರದ ಬಾಬಿನ್. ಸವೆದು ಬಿಸಾಕಿದ್ದನ್ನು ಮಿಲ್ಲಿನಿಂದ ತಂದು, ಮಲಗಿದವರ ಕೈಗೆ ಕೊಡುತ್ತಿದ್ದರು. ಜ್ವರದಲ್ಲಿ ಕೂಗುವ ಶಕ್ತಿ ಇರುವುದಿಲ್ಲ, ಹಾಗೆಂದು ಯಾರೂ ಪಕ್ಕದಲ್ಲೇ ಕೂತಿರುವಂತೆಯೂ ಇಲ್ಲವಲ್ಲ. ನೆಲಕ್ಕೆ ಒಂದು ಸಲ ಬಡಿದರೆ ನೀರು. ಎರಡು ಸಲ ಬಡಿದರೆ ಬಚ್ಚಲಿಗೆ ಹೋಗಬೇಕು. ಮೂರು ಸಲ ಬಡಿದರೆ, ಮಾಡುತ್ತಿರುವ ಕೆಲಸ ಬಿಟ್ಟು ಓಡಿ ಬನ್ನಿ ಎಂದು ಅರ್ಥ. ಆರೋಗ್ಯವಾಗಿದ್ದಾಗ ನಾವು ಮಕ್ಕಳೆಲ್ಲ ಇದನ್ನೇ ಆಟ ಆಡಿಕೊಳ್ಳುತ್ತಿದ್ದೆವು. ಸುಮ್ಮಸುಮ್ಮನೆ ಮೂರು ಬಡಿದವರಿಗೆ ತಾತನಿಂದ ತಲೆಗೆ ಮೊಟಕು.

ಯಾಕಿಷ್ಟು ಹಚ್ಚಿಕೊಂಡಿದ್ದರು ಎಂದು ನನಗೆ ತಿಳಿದದ್ದು ಅವರ ಕಾಗದ ಬರೆದುಕೊಡುವಾಗ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಹೇರೋಹಳ್ಳಿಗೆ ಕೊಟ್ಟಿದ್ದ ಮಗಳಿಗೆ ಕಾರ್ಡು ಬರೆಸುವುದಕ್ಕೆ ನನ್ನ ಹತ್ತಿರ ಬರುತ್ತಿದ್ದರು. ಒಂದು ದಿನ, "ಮೊಮ್ಮಗಳ ತೋಳಿಗೆ ಸಿಡುಬಿನ ದಾಕು ಚುಚ್ಚಿಸಿದ್ರಾ ಅಂತ ಬರಿ" ಅಂದರು. "ಹೋದ ಸಲಾನೂ ಅದೇ ಬರೆಸಿದ್ರಲ್ಲ ತಾತ" ಅಂದೆ. ಆಗ ಹೇಳಿದರು. ಅವರೂ ಹೇರೋಹಳ್ಳಿಯವರೇ, ಹೊಲ ಗದ್ದೆ ಇದ್ದವರು. ದೊಡ್ಡ ಮಗನಿಗೆ ಜ್ವರ ಬಂದಾಗ ಅನುಮಾನ ಬಂತಂತೆ. ಸುಗ್ಗಿಯ ಕಾಲ, ನಾಳೆ ನೋಡಿದರಾಯಿತು ಎಂದು ಎಲ್ಲರನ್ನೂ ಒಂದೇ ಸಾಲಿನಲ್ಲಿ ಮಲಗಿಸಿಕೊಂಡರಂತೆ. ಒಂದು ತಿಂಗಳೊಳಗೆ ಇಬ್ಬರು ಗಂಡುಮಕ್ಕಳು, ಹೆಂಡತಿ, ಮೂವರೂ ಹೋದರು. ಅಜ್ಜಿಯ ಮನೆಯಲ್ಲಿದ್ದ ಮಗಳು ಉಳಿದಳು. ಇವರಿಗೆ ಚಿಕ್ಕಂದಿನಲ್ಲೇ ಬಂದು ಹೋಗಿತ್ತು, ಮತ್ತೆ ಬರಲಿಲ್ಲ. "ಬರ್ಬಾರ್ದಾಗಿತ್ತಾ ಹಾಳಾದ್ದು" ಎಂದು ನೆಲ ನೋಡುತ್ತ ಕೂತರು. ನಾನು ಕಾರ್ಡಿನ ಮೇಲೆ ದಾಕು ಹಾಕಿಸು ಎಂದು ಎರಡು ಸಲ ಬರೆದೆ.

ಇದಾದ ಮೇಲಿನ ಚಳಿಗಾಲದಲ್ಲಿ, ಈಗ ಎಂಟು ವರ್ಷದ ಹಿಂದೆ, ನನ್ನ ತಮ್ಮ ಮಲಗಿದ. ಅವನಿಗೆ ಹತ್ತು ವರ್ಷ. ದಾಕು ಹಾಕುವವರು ಬಂದಾಗಲೆಲ್ಲ ಅಮ್ಮ ಅವನನ್ನು ಹಿತ್ತಲಲ್ಲಿ ಬಚ್ಚಿಡುತ್ತಿದ್ದಳು, ತೋಳು ಊದಿಕೊಳ್ಳುತ್ತದೆ ಎಂದು. ತಾತ ಬಂದು ಕೂರಿಸಿದರು.

"ಸೊಂಟ ನೋಯ್ತದಾ?"

"ಹೂಂ ತಾತ. ತುಂಬಾ."

ತಾತ ಅಮ್ಮನ ಕಡೆ ತಿರುಗಿದರು. ಆವತ್ತು ರೇಗಲಿಲ್ಲ. "ತಾಯಿ, ಚಾಪೆ ಹಿಂದಿನ ಕೋಣೆಗೆ ಹಾಕು" ಎಂದಷ್ಟೇ ಹೇಳಿ, ಸಂಜೆಯೊಳಗೆ ಬೇವು ತಂದು ಚಿಂದಿ ಸಮೇತ ಕಟ್ಟಿದರು. ತಮ್ಮನ ಕೈಗೆ ಬಾಬಿನ್ ಕೊಟ್ಟರು. ನೋಡಿಕೊಳ್ಳುವವಳು ಅಮ್ಮ ಒಬ್ಬಳೇ ಎಂದಾಯಿತು. ಮೂರನೆಯ ದಿನ ತಮ್ಮನ ಮುಖ, ಕೈ ಎಲ್ಲ ಕೆಂಪಗೆ ಎದ್ದಿತು.

ನಾಲ್ಕನೆಯ ದಿನ ಮಧ್ಯಾಹ್ನ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನನಗೆ ಆಗ ಹತ್ತೊಂಬತ್ತು. ಅದಕ್ಕೆ ಮುಂಚೆ ಎರಡು ಕಡೆಯವರು ನೋಡಿ, ತಿಂಡಿ ತಿಂದು, ಹೇಳಿ ಕಳಿಸುತ್ತೇವೆ ಎಂದು ಹೋದವರು ಹೇಳಿ ಕಳಿಸಿರಲಿಲ್ಲ. ಇವರಿಗೆ ಸಿಡುಬು ಎಂದು ಗೊತ್ತಾದರೆ, ನಾಳೆ ಹುಡುಗಿಗೂ ಬಂದು ಮುಖ ಕೆಟ್ಟೀತು ಎಂದು ದಾರಿಯಿಂದಲೇ ತಿರುಗಿ ಹೋಗುತ್ತಾರೆ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಅಮ್ಮ ಬಾಗಿಲ ಬೇವನ್ನು ನೋಡುವುದು, ಕಣ್ಣೊರೆಸಿಕೊಳ್ಳುವುದು. ಇಬ್ಬರಿಗೂ ತಾತನನ್ನು ಕೇಳುವ ಧೈರ್ಯವಿಲ್ಲ. ನಾನು ಹೋದೆ. ಯಾರೂ ಕಳಿಸಲಿಲ್ಲ, ನಾನೇ ಹೋದೆ. ಇದನ್ನು ಇಲ್ಲಿ ಬರೆದಿಡಬೇಕು.

"ತಾತ, ಒಂದೇ ಮಧ್ಯಾಹ್ನ ಬಿಚ್ಚಿ. ಅವರು ಹೋದ ತಕ್ಷಣ ಕಟ್ಟಿಬಿಡಿ."

"ಯಾವತ್ತೂ ಬಿಚ್ಚಿಲ್ಲ ಕಣವ್ವ."

"ನಂಗೆ ಇದೂ ತಪ್ಪಿಹೋದ್ರೆ ಇನ್ಯಾರು ಬರ್ತಾರೆ ತಾತ?"

ಬಹಳ ಹೊತ್ತು ಎಲೆ ಅಡಿಕೆ ಅಗಿದರು. "ಅವ್ರ ಜತೆ ಮಕ್ಕಳು ಬರ್ತಾವಾ?" ಅಂದರು. ಇಲ್ಲ, ಮೂವರೂ ದೊಡ್ಡವರೇ ಎಂದೆ. "ದೊಡ್ಡೋರ್ಗೆ ದಾಕು ಆಗಿರ್ತದೆ. ತಿಂಡಿ ಕಾಫಿ ಎದುರು ಮನೇಲಿ ಮಾಡ್ಸು. ಹುಡುಗನ್ನ ನಾನು ನೋಡ್ಕೋತೀನಿ, ಅವ್ನು ಉಸಿರೆತ್ತದಂಗೆ. ನಾನೂ ಬಾಯ್ಬಿಡಲ್ಲ. ಆಯ್ತಾ?" ಆಯ್ತು ಎಂದೆ. "ಬೇರೆ ಯಾರ್ನೂ ಒಳಕ್ಕೆ ಬಿಡಂಗಿಲ್ಲ" ಅಂದರು. ಅದಕ್ಕೂ ಆಯ್ತು ಎಂದೆ. ನಾನು ಕುಣಿದುಕೊಂಡು ಮನೆಗೆ ಬಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಮಾರನೆಯ ದಿನ ಅವರು ಮಿಲ್ಲಿಗೆ ರಜ ಹಾಕಿದರು. ತಮ್ಮ ಮನೆಗೆ ಬೀಗ ಹಾಕಿ, ನಮ್ಮ ಬಾಗಿಲ ಬೇವು, ಚಿಂದಿ ಎರಡನ್ನೂ ತಾವೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಹಿಂದಿನ ಕೋಣೆಗೆ ಹೋಗಿ ತಮ್ಮನ ಪಕ್ಕ ಕೂತರು. ಬಾಗಿಲು ಹಾಕಿಕೊಂಡರು. ಅಮ್ಮ ಸ್ನಾನ ಮಾಡಿ ಬೇರೆ ಸೀರೆ ಉಟ್ಟಳು.

ಗಂಡಿನ ಕಡೆಯವರು ಬಂದು ಕೂತರು. ಹುಡುಗ, ಅವನ ತಾಯಿ, ಸೋದರಮಾವ. ನನ್ನನ್ನು ಕರೆದು ಚಾಪೆಯ ಮೇಲೆ ಕೂರಿಸಿದರು. ಎದುರು ಮನೆಯಿಂದ ತಂದ ಉಪ್ಪಿಟ್ಟು ಅವರ ಮುಂದಿತ್ತು. ಆಗ ಬಾಗಿಲಲ್ಲಿ ಒಂದು ನೆರಳು ಕಂಡಿತು. ತಲೆ ಮೇಲೆ ಅವರೆಕಾಯಿ ಬುಟ್ಟಿ, ಸೊಂಟದಲ್ಲಿ ಮಗು. ತಾತನ ಮಗಳು.

ಅವಳು ಬರುವ ಸುದ್ದಿ ಯಾರಿಗೂ ಇರಲಿಲ್ಲ. ಅವರೆ ಬಿಡಿಸಿದ್ದಾರೆ, ಅಪ್ಪನಿಗೆ ಒಂದಿಷ್ಟು ಕೊಟ್ಟು ಬರೋಣ, ಮಗುವನ್ನು ತೋರಿಸೋಣ ಎಂದು ಹೇರೋಹಳ್ಳಿಯಿಂದ ಹೊರಟು ಬಂದಿದ್ದಾಳೆ. ಅಪ್ಪನ ಮನೆಗೆ ಬೀಗ. ಯಾವಾಗಲೂ ಮಾಡುವಂತೆ ನಮ್ಮ ಮನೆಗೆ ಬಂದಿದ್ದಾಳೆ. ಬಾಗಿಲಲ್ಲಿ ಬೇವಿಲ್ಲ, ಚಿಂದಿಯಿಲ್ಲ. ಅವಳೇನು ಮಾಡಿಯಾಳು?

"ಅಪ್ಪ ಎಲ್ಲಿ ಹೋಗವ್ರೆ ಚಿಕ್ಕಮ್ಮ?" ಎಂದು ಅಮ್ಮನನ್ನು ಕೇಳುತ್ತಲೇ ಬುಟ್ಟಿ ಇಳಿಸಿ ಒಳಗೆ ಬಂದಳು.

ಅಮ್ಮನ ಮುಖದಲ್ಲಿ ರಕ್ತ ಇರಲಿಲ್ಲ. "ಪೇಟೆ ಕಡೆ ಹೋದ್ರು ಕಣವ್ವ. ಬರೋದು ಸಂಜೆ ಆಗ್ತದೆ. ನೀನು ಆಮೇಲೆ..." ಎನ್ನುವಷ್ಟರಲ್ಲಿ ಹುಡುಗನ ತಾಯಿ ಮಗುವನ್ನು ನೋಡಿ ಅರಳಿಬಿಟ್ಟರು. "ಅಯ್ಯೋ ಬಂಗಾರಿ! ಇಂಥಾ ಹೊತ್ನಲ್ಲಿ ಮುತ್ತೈದೆ ಮಗು ಎತ್ಕೊಂಡು ಬಂದವ್ಳೆ, ಒಳ್ಳೆ ಶಕುನ. ಮೊದಲನೇ ಸಲ ಬರ್ತಿರೋದಾ ಮಗು?"

"ಹೂಂ, ಮೊದಲ್ನೇ ಸಲ. ಹನ್ನೊಂದು ತಿಂಗ್ಳು."

"ಹಂಗಾದ್ರೆ ನೆತ್ತಿಗೆ ಎಣ್ಣೆ ಇಡ್ರಮ್ಮ, ಬಾಯಿಗೆ ಸಕ್ಕರೆ ಹಾಕಿ. ನೋಡ್ತಾ ನಿಂತಿದೀರಲ್ಲ!"

ನಮ್ಮಲ್ಲಿ ಮೊದಲ ಸಲ ಹೊಸಲು ತುಳಿದ ಕೂಸಿಗೆ ಎಣ್ಣೆ ಸಕ್ಕರೆ ಕೊಡದೆ ಕಳಿಸುವವರುಂಟೇ? ಕೊಡದಿದ್ದರೆ ಏನೋ ಇದೆ ಎಂದು ಅವರಿಗೆ ಗೊತ್ತಾಗುತ್ತದೆ. ಅಮ್ಮ ಎಣ್ಣೆಯ ಬಟ್ಟಲು ತರಲು ಎದ್ದಳು.

ಆಗ ಹಿಂದಿನ ಕೋಣೆಯಿಂದ ಸದ್ದಾಯಿತು. ಟಕ್. ಟಕ್. ಟಕ್.

ಸ್ವಲ್ಪ ಬಿಟ್ಟು ಮತ್ತೆ ಮೂರು. ತಮ್ಮನ ಕೈಯ ಬಲ ಅಲ್ಲ ಅದು. ಗಟ್ಟಿ ಕೈ. ಬಾಯ್ಬಿಡುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದರು, ಬಾಯ್ಬಿಡಲಿಲ್ಲ. ತೆಳುವಾದ ಗೋಡೆ, ಮಗಳ ದನಿ, ಮೊಮ್ಮಗಳ ಕಾಲಂದುಗೆ ಎಲ್ಲ ಕೇಳಿಸಿರಬೇಕು. ಅಮ್ಮ ನಿಂತಲ್ಲೇ ನನ್ನ ಮುಖ ನೋಡಿದಳು.

"ಅದೇನದು ಸದ್ದು?" ಎಂದರು ಹುಡುಗನ ತಾಯಿ.

ನಾನು ತಲೆ ತಗ್ಗಿಸಿಕೊಂಡೇ ಹೇಳಿದೆ: "ಪಕ್ಕದ ಮನೇಲಿ ಏನೋ ಕುಟ್ತಾವ್ರೆ."

ನನ್ನ ಅತ್ತೆಯ ಮುಂದೆ ನಾನು ಆಡಿದ ಮೊದಲ ಮಾತು ಅದು. ದನಿ ಚೆನ್ನಾಗಿದೆ ಎಂದು ಅವರು ಹುಡುಗನ ಸೋದರಮಾವನಿಗೆ ಹೇಳಿದರಂತೆ. ಮತ್ತೆ ಮೂರು ಬಡಿತ ಕೇಳಿತು. ಅಮ್ಮ ಮಗುವಿನ ನೆತ್ತಿಗೆ ಎಣ್ಣೆ ಇಟ್ಟಳು. ನಾಲ್ಕು ದಿನದಿಂದ ತಮ್ಮನ ಮೈ ಒರೆಸುತ್ತಿದ್ದ ಕೈ. ಅದೇ ಬೆರಳಿನಿಂದ ಬಾಯಿಗೆ ಸಕ್ಕರೆ ಹಾಕಿದಳು. ಮಗು ಬೆರಳನ್ನು ಬಿಡದೆ ಚೀಪಿತು, ಎಲ್ಲರೂ ನಕ್ಕರು. ಆಮೇಲೆ ಬಡಿತ ಕೇಳಲಿಲ್ಲ.

ಮಗಳು ಬುಟ್ಟಿಯನ್ನು ನಮ್ಮಲ್ಲೇ ಬಿಟ್ಟು, ಹೊತ್ತು ಮುಳುಗುವ ಮುಂಚೆ ಊರು ಸೇರಬೇಕು ಎಂದು ಹೋದಳು. ಗಂಡಿನ ಕಡೆಯವರು ಒಪ್ಪಿಗೆ ಹೇಳಿ ಹೋದರು. ತಾತ ಬಾಗಿಲು ತೆಗೆದು ಹೊರಗೆ ಬಂದರು. ಕೈಯಲ್ಲಿ ಬಾಬಿನ್ ಹಾಗೇ ಇತ್ತು.

"ಒಳಗೆ ಬಂದ್ಲಾ?"

ನಾನು ಹೂಂ ಎಂದೆ.

"ಕೂಸನ್ನ ಯಾರು ಮುಟ್ಟಿದ್ದು?"

ಅಮ್ಮ ತನ್ನ ಎರಡು ಕೈಯನ್ನೂ ಮುಂದೆ ಹಿಡಿದು ಕುಸಿದು ಕೂತಳು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ದೇವರೇ, ಬೈಯಲಿ ಎಂದು ಬೇಡಿಕೊಂಡೆ. ಅವರು ಮಡಿಲಿನಿಂದ ಬೇವು, ಚಿಂದಿ ತೆಗೆದು ಮೊದಲು ಬಾಗಿಲಿಗೆ ಕಟ್ಟಿದರು. ಕಟ್ಟುವಾಗ ಗಂಟು ಎರಡು ಸಲ ಜಾರಿತು. ಆಮೇಲೆ ಬಚ್ಚಲಿಗೆ ಹೋಗಿ ಮೈ ತೊಳೆದು, ಬಟ್ಟೆ ಬದಲಾಯಿಸಿ, ಹೇರೋಹಳ್ಳಿಯ ದಾರಿ ಹಿಡಿದರು. ಕಾರ್ಡು ಬರೆಸಿ ಬರೆಸಿ ಕಳಿಸಿದ್ದರೂ ಮಗುವಿಗೆ ದಾಕು ಆಗಿರಲಿಲ್ಲ. ದಾಕು ಹಾಕುವವರನ್ನು ಹುಡುಕಿಕೊಂಡು ಊರೂರು ಅಲೆದು, ಐದನೆಯ ದಿನ ಕರೆದು ತಂದು ಹಾಕಿಸಿದರಂತೆ. ತಡವಾಗಿತ್ತು. ಎರಡು ವಾರ ತುಂಬುವುದಕ್ಕೆ ಮುಂಚೆ ಕೂಸಿನ ಮೈ ಬಿಸಿಯಾಯಿತು. ಹತ್ತು ದಿನ ನರಳಿ ಹೋಯಿತು.

ನನ್ನ ತಮ್ಮ ಉಳಿದ. ಮುಖದ ತುಂಬ ಕಲೆ, ಕಣ್ಣು ಎರಡೂ ಚೆನ್ನಾಗಿವೆ.

ತಾತನ ಮಗಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಮ್ಮನೂ ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ, ನಮ್ಮ ಯೋಗ್ಯತೆ ಅಷ್ಟೇ. ತಾತನೇ ಹೇಳಿದರು. ಮಗು ಹೋದ ಮೂರನೆಯ ದಿನ ಅವಳ ಮುಂದೆ ಕೂತು, "ಬೇವು ಬಿಚ್ಚಿದ್ದು ನಾನೇಯ. ನೀನು ಬಂದಾಗ ಗೋಡೆ ಆಚೆ ಕೂತಿದ್ದೆ. ಕೂಗ್ಬೇಕಾಗಿತ್ತು, ಕೂಗ್ಲಿಲ್ಲ" ಅಂದರಂತೆ. ನನ್ನ ಹೆಸರು ಎತ್ತಲಿಲ್ಲ. ನಾನು ಕೇಳಿಕೊಂಡೆ ಎನ್ನಲಿಲ್ಲ. ಅಷ್ಟು ಸಲ ಬಡಿದೆ, ಯಾರೂ ಬರಲಿಲ್ಲ ಎಂದೂ ಹೇಳಲಿಲ್ಲ. ಅವಳು ಎದ್ದು ಒಳಗೆ ಹೋದಳಂತೆ. ಅದೇ ಕೊನೆ. ಎಂಟು ವರ್ಷ ಅಪ್ಪನ ಮುಖ ನೋಡಲಿಲ್ಲ.

ನನ್ನ ಮದುವೆಯಾಯಿತು. ಗಂಡ ಒಳ್ಳೆಯವರು, ಅತ್ತೆ ಬಾಯಿ ತುಂಬ ಮಾತಾಡಿಸುತ್ತಾರೆ. ಈ ಹೊಸ ಬಡಾವಣೆಯಲ್ಲಿ ಹೆಂಚಿನ ಮನೆ, ನಮಗೇ ಎಂದು ಒಂದು ನಲ್ಲಿ. ಎರಡು ಮಕ್ಕಳು. ಅವರಿಬ್ಬರನ್ನೂ ಮೊದಲ ಸಲ ಯಾರ ಮನೆಗೆ ಕರೆದುಕೊಂಡು ಹೋದಾಗಲೂ, ಸಕ್ಕರೆ ಹಿಡಿದ ಕೈ ಹತ್ತಿರ ಬಂದರೆ ನಾನು ಮಗುವನ್ನು ಎಳೆದುಕೊಳ್ಳುತ್ತಿದ್ದೆ. ಜಂಬದವಳು ಎಂದು ಹೆಸರು ಬಂದಿದೆ. ಇರಲಿ. ನನಗೆ ಇನ್ನೂ ಕೆಟ್ಟ ಹೆಸರು ಬರಬೇಕಾಗಿತ್ತು.

ಆಮೇಲೆ ತಾತ ಯಾರ ಮನೆಗೂ ಬೇವು ಕಟ್ಟಲಿಲ್ಲ. ಕರೆಯಲು ಬಂದವರಿಗೆ, "ಆಸ್ಪತ್ರೆಗೆ ಹೋಗ್ರಪ್ಪ, ನನ್ ಮಾತು ಕೇಳ್ಬೇಡಿ" ಎನ್ನುತ್ತಿದ್ದರು. ಕಟ್ಟಿದ್ದು ತಮ್ಮ ಬಾಗಿಲಿಗೆ ಮಾತ್ರ. ವರ್ಷವಿಡೀ. ಬೇವು ಒಣಗಿದರೆ ಹೊಸದು, ಜತೆಗೆ ಅದೇ ಕೆಂಪು ಚಿಂದಿ. ಕಾಯಿಲೆ ಏನೂ ಇರಲಿಲ್ಲ. ನಾನು ದೊಡ್ಡ ಮಗನನ್ನು ಎತ್ತಿಕೊಂಡು ಒಮ್ಮೆ ಹೋಗಿದ್ದೆ. ಜಗಲಿಯಲ್ಲಿ ಕೂತಿದ್ದವರು ನನ್ನನ್ನು ನೋಡಿ, ನನ್ನ ತೋಳಲ್ಲಿದ್ದ ಮಗುವನ್ನು ನೋಡಿ, ಗಡಬಡಿಸಿ ಒಳಗೆ ಹೋಗಿ ಅಗುಳಿ ಹಾಕಿಕೊಂಡರು. "ತಾತ, ನಾನು ಕಣ ತಾತ" ಎಂದು ಬಾಗಿಲು ಬಡಿದೆ. "ಗೊತ್ತು ಕಣವ್ವ. ಚೆನ್ನಾಗಿದಾನೆ ಹುಡುಗ. ದೂರ ಕರ್ಕೊಂಡ್ ಹೋಗು" ಎಂದರು ಒಳಗಿನಿಂದ. ಕ್ಷಮಿಸಿ ಎಂದು ಹೇಳಲು ಹೋಗಿದ್ದೆ. ಮುಚ್ಚಿದ ಬಾಗಿಲಿಗೆ ಹೇಳುವುದು ಹೇಗೆಂದು ತಿಳಿಯದೆ ವಾಪಸು ಬಂದೆ.

ಈಗ ತಮ್ಮ ಹೇಳಿದ್ದನ್ನು ಬರೆಯುತ್ತೇನೆ.

ಅವರು ಹೋಗಿ ಎರಡು ದಿನವಾಗಿತ್ತಂತೆ. ಯಾರೂ ನೋಡಿರಲಿಲ್ಲ. ಬೇವು, ಚಿಂದಿ ಕಟ್ಟಿದ ಬಾಗಿಲು. ಅದನ್ನು ದಾಟಬಾರದು ಎಂದು ಬೀದಿಗೆಲ್ಲ ಹೇಳಿಕೊಟ್ಟವರೇ ಅವರು. ಈಗ ಅದೇ ಮಿಲ್ಲಿಗೆ ಹೋಗುವ ನನ್ನ ತಮ್ಮ, ಅವರು ಕೆಲಸಕ್ಕೆ ಬರಲಿಲ್ಲವೆಂದು ಹೋಗಿ ಬಾಗಿಲು ಒಡೆದಿದ್ದಾನೆ. ಚಾಪೆಯಿಂದ ಹೊರಳಿ ಗೋಡೆಯ ಪಕ್ಕಕ್ಕೆ ಬಂದು ಮಲಗಿದ್ದರಂತೆ, ನಮ್ಮ ಹಳೆಯ ಮನೆಯ ಕಡೆಯ ಗೋಡೆ. ಕೈಯಲ್ಲಿ ಬಾಬಿನ್.

ನಮ್ಮವರು ಪಕ್ಕದ ಬೀದಿಗೆ ಹೋದ ಮೇಲೆ ಆ ಮನೆಗೆ ಹೊಸಬರು ಬಂದಿದ್ದಾರೆ. ಆ ಹೆಂಗಸನ್ನು ತಮ್ಮ ಕೇಳಿದ, ಏನೂ ಕೇಳಿಸಲಿಲ್ವಾ ನಿಮಗೆ ಎಂದು.

"ಕೇಳಿಸ್ತಪ್ಪ" ಎಂದಳಂತೆ. "ಮೂರು ಸಲ, ಬಿಟ್ಟು ಮತ್ತೆ ಮೂರು ಸಲ. ಪಕ್ಕದ ಮನೇಲಿ ಏನೋ ಕುಟ್ತಾವ್ರೆ ಅಂದ್ಕೊಂಡು ಸುಮ್ಕಾದೆ."

ತಮ್ಮನಿಗೆ ಆ ಮಧ್ಯಾಹ್ನದ ನೆನಪಿಲ್ಲ, ಜ್ವರದಲ್ಲಿದ್ದ. ಆಕೆಯನ್ನು ಬಾಯಿಗೆ ಬಂದಂತೆ ಬೈದು ಬಂದಿದ್ದೇನೆ ಅಕ್ಕ ಎಂದ. "ಯಾಕೋ ಬೈದೆ, ಅವಳಿಗೇನು ಗೊತ್ತು?" ಎಂದು ಕೇಳಿ, ನಾನು ಬಾಗಿಲ ಹತ್ತಿರವೇ ಕೂತುಬಿಟ್ಟೆ.